ಕೆಂಪು ದ್ವೀಪದಲ್ಲಿ ‘ನಮ್ಮಲ್ಲಿ ಉಂಟು’

ಜನರನ್ನು ಬಸ್ಸಿಗೆ ಹತ್ತಿಸಿ ಊರೂರು ತೋರಿಸುವ ಕಸುಬು ಹಿಡಿದವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಪ್ರತಿ ಟೂರಿನಲ್ಲೂ ಅದು ಕಿಟಕಿ ಪಕ್ಕದ ಸೀಟು ಹಿಡಿದು ನನಗಿಂತ ಮೊದಲೇ ಕೂತಿರುತ್ತದೆ. ಕಾಶಿಯಲ್ಲಿ ಬೇರೆಯವರ ಗುಂಪಿಗೆ ಸೇರಿಕೊಂಡು ಎಲ್ಲ ದೇವಸ್ಥಾನ ಮುಗಿಸಿ, ಊಟವನ್ನೂ ಅಲ್ಲೇ ಮುಗಿಸಿ ಬಂದ ಅಜ್ಜ, ಊಟಿಯ ಚಳಿಗೆ ನನ್ನ ಟೂರಿನ ಬ್ಯಾನರನ್ನೇ ಬಿಚ್ಚಿ ಹೊದ್ದು ಮಲಗಿದ ಮದುಮಗ, ಇಂಥವರು ನನ್ನ ಸ್ಟಾಕಿನಲ್ಲಿ ಬೇಕಾದಷ್ಟು ಉಂಟು. ಆದರೆ ಮಡಗಾಸ್ಕರ್ ಟೂರಿನ ಕಥೆಯೇ ಬೇರೆ.

ಗುರುವಾಯನಕೆರೆಯಲ್ಲಿ ನನ್ನದೊಂದು ಟೂರ್ ಆಫೀಸು. ಎಲ್ಲರೂ ಸಿಂಗಾಪುರ, ದುಬೈ ಅಂತ ಓಡುವಾಗ ನಾನು ಮಡಗಾಸ್ಕರ್ ಅಂದೆ. ಆಫ್ರಿಕದ ಪಕ್ಕದ ದೊಡ್ಡ ದ್ವೀಪ. ಅಲ್ಲಿಯ ಮರ, ಪ್ರಾಣಿ, ಬಂಡೆ ಪ್ರಪಂಚದಲ್ಲಿ ಬೇರೆಲ್ಲೂ ಕಾಣಲಿಕ್ಕೆ ಸಿಗುವುದಿಲ್ಲ ಅಂತ ಓದಿದ್ದೆ. ಪೇಟೆಯ ಸರ್ಕಲಿನಲ್ಲಿ ಬ್ಯಾನರ್ ಕಟ್ಟಿಸಿದೆ: ‘ನಮ್ಮಲ್ಲಿ ಇಲ್ಲದ್ದು ಅಲ್ಲಿ ಉಂಟು!’ ಬರೆದದ್ದು ನಾನೇ. ಅಂಥ ಸಾಲು ಬರೆಯಲಿಕ್ಕೆ ಬೇರೆ ಯಾರಿಗೆ ಬರುತ್ತದೆ?

ಬ್ಯಾನರ್ ಕಟ್ಟಿದ ಮರುದಿನ ಬೆಳಿಗ್ಗೆ ಶಿರ್ತಾಡಿಯ ಟೀಚರ್ ಕೊಡೆ ಮಡಚಿಕೊಂಡು ಆಫೀಸಿಗೆ ಬಂದರು. ಭೂಗೋಳ ಕಲಿಸಿ ನಿವೃತ್ತರಾದವರು. ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗೆ ಅರ್ಧ ಊರು ಅವರ ಶಿಷ್ಯರು, ನಾನೂ ಒಬ್ಬ. ಹೊಸ ಹೋಟೆಲಿನ ಗೋಳಿಬಜೆ ಆಗಲಿ, ಹೊಸ ಡಾಕ್ಟರ್ ಆಗಲಿ, ಟೀಚರ್ ‘ಅಡ್ಡಿಲ್ಲ’ ಅಂದರೆ ಜನ ಹೋಗುತ್ತಾರೆ. ಅವರು ಮುಖ ಹುಳಿ ಮಾಡಿದರೆ ಅಂಗಡಿಯ ಶಟರ್ ಎಳೆಯುವುದೇ.

“ಆ ಬ್ಯಾನರ್ ನಿನ್ನದಾ?” ಅಂತ ಕೇಳಿದರು.

“ಹೌದು ಟೀಚರ್.”

“ನಮ್ಮಲ್ಲಿ ಇಲ್ಲದ್ದು ಏನುಂಟು ಅಲ್ಲಿ? ನೋಡುವ. ನನಗೊಂದು ಸೀಟು ಬರೆ. ನಮ್ಮಲ್ಲಿ ಇಲ್ಲದ್ದು ಒಂದೇ ಒಂದು ತೋರಿಸಿದರೂ ಸಾಕು, ನಾನೇ ಹತ್ತು ಜನರಿಗೆ ಹೇಳ್ತೇನೆ. ತೋರಿಸದಿದ್ದರೆ ಬಂದ ದಿನವೇ ಆ ಬ್ಯಾನರ್ ಇಳಿಸ್ಬೇಕು.”

“ಒಂದು ಯಾಕೆ ಟೀಚರ್, ನೂರು ತೋರಿಸ್ತೇನೆ” ಅಂದುಬಿಟ್ಟೆ. ಬ್ಯಾನರ್ ಇಳಿದರೆ ನನ್ನ ಫಾರಿನ್ ಟೂರಿನ ಕಥೆ ಅಲ್ಲಿಗೆ ಮುಗಿಯಿತು ಅಂತ ಗೊತ್ತಿತ್ತು. ಆದರೆ ನನಗೇನು ಹೆದರಿಕೆ? ಇಡೀ ದ್ವೀಪ ನನ್ನ ಬೆನ್ನಿಗಿತ್ತು.

ಮಿಸ್ಟರ್ ಮಾರಾಯ

ಅಲ್ಲಿ ನಮ್ಮ ಬಸ್ಸಿಗೆ ಡ್ರೈವರೂ ಗೈಡೂ ಒಬ್ಬನೇ. ಉದ್ದ ಆಸಾಮಿ, ನಿಧಾನದ ಇಂಗ್ಲಿಷು, ಕೇಳಿದ್ದನ್ನೆಲ್ಲ ನಂಬುವ ಸ್ವಭಾವ. ಹೊರಡುವ ಮೊದಲು ಅವನ ಜೊತೆ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದ್ದೆ.

ವಿಮಾನ ಇಳಿದು ಹೊರಗೆ ಬಂದರೆ ಬೋರ್ಡು ಹಿಡಿದವರ ಸಾಲು. ನನ್ನ ಹೆಸರು ಎಲ್ಲಿಯೂ ಇಲ್ಲ. ಈ ತುದಿಯಿಂದ ಆ ತುದಿಗೆ ಹೋದೆ, ಬಂದೆ. ಟೀಚರ್ ಕೈ ಕಟ್ಟಿ ನಿಂತು ನೋಡುತ್ತಿದ್ದರು.

ನಮ್ಮ ಗುಂಪಿನಲ್ಲಿ ಬಂಟ್ವಾಳದ ಸಾಹೇಬರು ಒಬ್ಬರಿದ್ದರು. ಗಲ್ಫಿನಲ್ಲಿ ಬಹಳ ವರ್ಷ ಅಂಗಡಿ ನಡೆಸಿ ಬಂದವರು, ಏರ್‌ಪೋರ್ಟು ಅಂದರೆ ಅವರಿಗೆ ಮನೆಯ ಜಗಲಿ ಇದ್ದ ಹಾಗೆ. ಅವರು ಬೊಬ್ಬೆ ಹಾಕಿದರು, “ಓ ಮಾರಾಯ, ಅಲ್ಲಿ ನೋಡು ಮಾರಾಯ, ಮಾರಾಯ ಅಂತ ಬರೆದಿದ್ದಾನೆ ಮಾರಾಯ!”

ಹೌದು. ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ‘ಮಿಸ್ಟರ್ ಮಾರಾಯ’. ಫೋನಿನಲ್ಲಿ ನಾನು ಮಾತಿಗೊಮ್ಮೆ ಮಾರಾಯ ಅಂದದ್ದನ್ನು ಆಸಾಮಿ ನನ್ನ ಹೆಸರು ಅಂತ ಬರೆದುಕೊಂಡಿದ್ದ. ಸಾಹೇಬರ ಬೊಬ್ಬೆ ಕೇಳಿ ಅವನ ಮುಖ ಅರಳಿತು. “ಓ! ನೀವೆಲ್ಲ ಒಂದೇ ಮಾರಾಯ ಕುಟುಂಬದವರಾ?” ಅಂತ ಒಬ್ಬೊಬ್ಬರ ಕೈ ಕುಲುಕುತ್ತಾ ಬಂದ. “ವೆಲ್ಕಮ್ ಮಾರಾಯ. ವೆಲ್ಕಮ್ ಮಾರಾಯ.”

ಟೀಚರ್ ಮುಂದೆ ಬಂದು ನಿಂತು, “ವೆಲ್ಕಮ್ ಮಾರಾಯ” ಅಂದ.

ಟೀಚರ್ ಕನ್ನಡಕ ಸರಿ ಮಾಡಿಕೊಂಡು ಅವನಿಗೆ ಇಂಗ್ಲಿಷಿನಲ್ಲಿ ಹೇಳಿದರು, “ತಪ್ಪು. ಸ್ತ್ರೀಲಿಂಗದಲ್ಲಿ ಮಾರಾಯ್ತಿ. ಹೇಳು ನೋಡುವ.”

ಅವನು ಮೂರು ಸಲ ಹೇಳಿ ಸರಿ ಮಾಡಿಕೊಂಡ ಮೇಲೆಯೇ ಬಸ್ಸು ಹೊರಟದ್ದು.

ಮೊರ ಮೊರ

ಬಸ್ಸು ಅಂದರೆ ಲಾರಿಯ ಕಾಲು, ಬಸ್ಸಿನ ಮೈ. ರಾಜಧಾನಿ ದಾಟಿದ ಕೂಡಲೇ ಎರಡೂ ಕಡೆ ಕೆಂಪು ಗುಡ್ಡೆಗಳು, ಕೆಂಪು ಮನೆಗಳು, ಹೊಳೆಯ ನೀರೂ ಕೆಂಪು. ಡ್ರೈವರ್ ಹೆಮ್ಮೆಯಿಂದ ಹೇಳಿದ, “ಇದಕ್ಕೆ ಕೆಂಪು ದ್ವೀಪ ಅಂತಲೇ ಹೆಸರು. ಆಕಾಶದಿಂದ ನೋಡಿದರೂ ಕೆಂಪು.”

ನಾನು ಹಿಂದೆ ತಿರುಗಿ ಟೀಚರ ಮುಖ ನೋಡಿದೆ. ಅವರು ಬಸ್ಸು ನಿಲ್ಲಿಸಲಿಕ್ಕೆ ಹೇಳಿದರು. ಇಳಿದು ಒಂದು ಹೆಂಟೆ ಎತ್ತಿ, ಉಗುರಿನಲ್ಲಿ ಗೀರಿ, ಮೂಸಿ, “ಮುರಕಲ್ಲಿನ ಮಣ್ಣು. ನಮ್ಮಲ್ಲಿ ಉಂಟು” ಅಂದರು. ಹತ್ತಿದರು. ಕೂತರು.

ಮುಂದೆ ಮೆಟ್ಟಿಲು ಮೆಟ್ಟಿಲಾಗಿ ಗದ್ದೆಗಳು ಬಂದವು. “ನಮ್ಮಲ್ಲಿ ಉಂಟು.” ಭುಜದ ಮೇಲೆ ಹಿಣಿಲು ಇರುವ ಎತ್ತುಗಳು ಬಂದವು. “ಉಂಟು.” ಊಟಕ್ಕೆ ನಿಲ್ಲಿಸಿದರೆ ಗುಡ್ಡದಷ್ಟು ಅನ್ನ, ಜೊತೆಗೆ ಸೊಪ್ಪಿನ ಸಾರು. ಇಲ್ಲಿಯ ಜನ ದಿನಕ್ಕೆ ಮೂರು ಹೊತ್ತೂ ಅನ್ನವೇ ತಿನ್ನುತ್ತಾರೆ ಅಂತ ಡ್ರೈವರ್ ಹೇಳಿದಾಗ ಟೀಚರ್ ನನ್ನನ್ನು ನೋಡಿ ಕಣ್ಣಿನಲ್ಲೇ ‘ಉಂಟು’ ಅಂದರು. ನಾನೇನು ಬಿಡುವವನಲ್ಲ. ಇದು ಶುರು ಮಾತ್ರ, ದೊಡ್ಡ ದೊಡ್ಡ ಸಾಮಾನೆಲ್ಲ ಮುಂದೆ ಉಂಟು ಅಂತ ಮೀಸೆ ತಿರುವಿಕೊಂಡೆ.

ಅಷ್ಟರಲ್ಲಿ ಇನ್ನೊಂದು ಶುರುವಾಯಿತು. ಡ್ರೈವರ್ ಮಾತೆತ್ತಿದರೆ “ಮೊರ ಮೊರ” ಅನ್ನುತ್ತಿದ್ದ. ಗುಂಡಿ ಬಂದರೆ ಮೊರ ಮೊರ. ಊಟ ತಡವಾದರೆ ಮೊರ ಮೊರ. ನಮ್ಮ ಜೊತೆ ಅಳದಂಗಡಿಯಿಂದ ಒಬ್ಬರು ಬಂದಿದ್ದರು, ರಬ್ಬರ್ ತೋಟದವರು. ರಬ್ಬರಿನವರು ಅಂತಲೇ ಕರೆಯುತ್ತಿದ್ದೆವು. ಕರುಳು ಬಹಳ ಮೆದು. ಅವರು ನನ್ನ ಕಿವಿಯಲ್ಲಿ, “ಪಾಪ ಮಾರಾಯ್ರೆ, ಬೆಳಗ್ಗಿನಿಂದ ಮೊರ ಮೊರ ಅಂತ ಬಡಬಡಿಸ್ತಾ ಇದ್ದಾನೆ. ಹೆಂಡತಿ ತರ್ಲಿಕ್ಕೆ ಹೇಳಿರ್ಬೇಕು, ಮರೆತು ಹೋದ್ರೆ ಅಂತ ಹೆದರಿಕೆ” ಅಂದರು. ಮುಂದಿನ ಪೇಟೆಯಲ್ಲಿ ಇಳಿದು, ಅಕ್ಕಿ ಗೇರುವ ಒಂದು ಒಳ್ಳೆಯ ಬಿದಿರಿನ ಮೊರ ತಂದು ಅವನ ತೊಡೆಯ ಮೇಲೆ ಇಟ್ಟರು.

ಅವನು ಮೊರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅವನ ಭಾಷೆಯಲ್ಲಿ ಮೊರ ಮೊರ ಅಂದರೆ ‘ನಿಧಾನ ನಿಧಾನ’ ಅಂತ. ವಿಷಯ ತಿಳಿದು ಹೊಟ್ಟೆ ಹಿಡಿದು ನಕ್ಕ. ಇದಕ್ಕೆ ನಿಮ್ಮ ಮನೆಯಲ್ಲಿ ಏನು ಹೇಳುತ್ತೀರಿ ಅಂತ ಕೇಳಿದ. ರಬ್ಬರಿನವರ ಮನೆಮಾತು ತುಳು. ಮೊರವನ್ನು ಮುಟ್ಟಿ ತೋರಿಸಿ, “ತಡ್ಪೆ” ಅಂದರು. ಅವನೋ, ನಿಧಾನಕ್ಕೆ ನಮ್ಮ ಭಾಷೆಯಲ್ಲಿ ತಡ್ಪೆ ಅಂತ ತಿಳಿದುಕೊಂಡ.

ಆಮೇಲೆ ಟೂರು ಮುಗಿಯುವವರೆಗೂ ಸಾಹೇಬರು ಹಿಂದಿನ ಸೀಟಿನಿಂದ “ತಡ್ಪೆ! ತಡ್ಪೆ!” ಅಂತ ಕೂಗಿದರೆ ಸಾಕು, ಬಸ್ಸು ನಿಧಾನ ಆಗುತ್ತಿತ್ತು.

ಶುಕ್ರವಾರದ ಕೋಳಿ

ಸಾಹೇಬರಿಗೆ ಒಂದು ಧೈರ್ಯ, ಅರಬ್ಬಿ ಗೊತ್ತಿದ್ದರೆ ಪ್ರಪಂಚದಲ್ಲಿ ಎಲ್ಲಿ ಬೇಕಾದರೂ ಬದುಕಬಹುದು ಅಂತ. ಮಡಗಾಸ್ಕರಿನಲ್ಲಿ ಒಬ್ಬನಿಗೂ ಅವರ ಅರಬ್ಬಿ ಅರ್ಥವಾಗಲಿಲ್ಲ. ಆದರೆ ಒಂದು ವಿಚಿತ್ರ ನೋಡಿ, ಅಲ್ಲಿಯವರ ವಾರದ ಹೆಸರುಗಳು ಮಾತ್ರ ಹಳೆ ಕಾಲದಲ್ಲಿ ಅರಬ್ಬಿಯಿಂದಲೇ ಬಂದವಂತೆ. ಮಂಗಳವಾರಕ್ಕೆ ತಲಾತ, ಶುಕ್ರವಾರಕ್ಕೆ ಜುಮ. ಇದನ್ನು ಕೇಳಿ ಸಾಹೇಬರ ಎದೆ ಅಗಲವಾಯಿತು.

ಒಂದು ಶುಕ್ರವಾರ ಮಧ್ಯಾಹ್ನ ಸಣ್ಣ ಪೇಟೆಯಲ್ಲಿ ಬಸ್ಸು ನಿಂತಿತು. ಸಾಹೇಬರು ಟೊಪ್ಪಿ ಇಟ್ಟುಕೊಂಡು ಇಳಿದು, ರಸ್ತೆ ಬದಿಯ ಹೆಂಗಸಿನ ಹತ್ತಿರ ಇಂದು ಜುಮಾ, ಮಸೀದಿ ಎಲ್ಲಿ ಅಂತ ಅರಬ್ಬಿಯಲ್ಲಿ ಕೇಳಿದರು. ಡ್ರೈವರನನ್ನು ಕೇಳಬಹುದಿತ್ತು. ಆದರೆ ಅರಬ್ಬಿ ಬರುವವರು ಡ್ರೈವರನನ್ನು ಯಾಕೆ ಕೇಳುತ್ತಾರೆ?

ಆ ಹೆಂಗಸಿಗೆ ಅರ್ಥವಾದದ್ದು ಜುಮಾ ಒಂದೇ. “ಜುಮ! ಜುಮ!” ಅಂತ ಸಂತೋಷದಿಂದ ಸಾಹೇಬರ ಕೈ ಹಿಡಿದುಕೊಂಡು ಹೋದಳು. ಸಾಹೇಬರು ನಮ್ಮ ಕಡೆ ತಿರುಗಿ, “ನೋಡಿದಿರಾ? ಭಾಷೆ ಅಂದ್ರೆ ಇದು” ಅನ್ನುವ ಹಾಗೆ ಕೈ ಬೀಸಿದರು.

ಸ್ವಲ್ಪ ಹೊತ್ತಿನಲ್ಲಿ ವಾಪಸ್ ಬಂದರು. ಕಂಕುಳಲ್ಲಿ ಜೀವಂತ ಹೇಂಟೆ.

“ಮಸೀದಿ ಸಿಕ್ಕಿತಾ ಸಾಹೇಬ್ರೆ?”

“ಇಲ್ಲ ಮಾರಾಯ” ಅಂದರು, “ಈ ಊರಿನ ಶುಕ್ರವಾರದ ಸಂತೆ ಸಿಕ್ಕಿತು. ಅವಳ ತಂಗಿಯದ್ದೇ ಕೋಳಿ ಅಂಗಡಿ. ಬೇಡ ಅನ್ಲಿಕ್ಕೆ ಅರಬ್ಬಿಯಲ್ಲಿ ಎಷ್ಟು ವಿಧದಲ್ಲಿ ಹೇಳ್ಬಹುದೋ ಅಷ್ಟೂ ಹೇಳಿದೆ.”

ಮಸೀದಿಯನ್ನು ಆಮೇಲೆ ಡ್ರೈವರನೇ ತೋರಿಸಿದ, ಬಸ್ಸು ನಿಂತ ಜಾಗದ ಹಿಂದೆಯೇ ಇತ್ತು. ಸಾಹೇಬರು ನಮಾಜು ಮುಗಿಸಿ ಬರುವವರೆಗೆ ಕೋಳಿಯನ್ನು ಹಿಡಿದುಕೊಂಡು ಕೂತವರು ಟೀಚರ್. ನಾನು ಹತ್ತಿರ ಹೋಗಿ, ಏನಾದರೂ ಹೇಳಬೇಕಲ್ಲ ಅಂತ, “ಮಡಗಾಸ್ಕರಿನ ಕೋಳಿ ಟೀಚರ್” ಅಂದೆ.

ಟೀಚರ್ ಅದರ ಜುಟ್ಟು ನೋಡಿದರು, ಕಾಲು ನೋಡಿದರು. “ನಮ್ಮಲ್ಲಿ ಉಂಟು” ಅಂದರು.

ತಲೆಕೆಳಗಾದ ಮರ

ಪಶ್ಚಿಮದ ಕರಾವಳಿಗೆ ಬಂದಾಗ ನನಗೆ ಗೆದ್ದ ಹಾಗೇ ಆಯಿತು. ರಸ್ತೆಯ ಎರಡೂ ಬದಿ ಬಾವೊಬಾಬ್ ಮರಗಳು. ಕಂಬದ ಹಾಗೆ ನುಣ್ಣಗಿನ ದಪ್ಪ ಕಾಂಡ ನೇರ ಆಕಾಶಕ್ಕೆ ಹೋಗಿ, ತುದಿಯಲ್ಲಿ ಮಾತ್ರ ನಾಲ್ಕು ಕೊಂಬೆ. ಬೇರು ಮೇಲೆ ಮಾಡಿ ತಲೆಕೆಳಗಾಗಿ ನೆಟ್ಟ ಹಾಗೆ ಕಾಣುತ್ತದೆ. ಎಲ್ಲರೂ ಬಾಯಿ ತೆರೆದುಕೊಂಡು ಇಳಿದರು. ರಬ್ಬರಿನವರು ಒಂದು ಮರವನ್ನು ತಬ್ಬಿಕೊಂಡು, “ಇದಕ್ಕೆ ಟ್ಯಾಪಿಂಗ್ ಮಾಡಿದ್ರೆ ಎಷ್ಟು ಹಾಲು ಬಂದೀತು!” ಅಂತ ಕಣ್ಣು ಮುಚ್ಚಿದರು.

“ಈಗ ಹೇಳಿ ಟೀಚರ್” ಅಂದೆ, ಎದೆ ಉಬ್ಬಿಸಿ.

“ಸವಣೂರಿನಲ್ಲಿ ಉಂಟು.”

“ಪುತ್ತೂರಿನ ಆಚೆಯ ಸವಣೂರಾ? ಅಲ್ಲಿ ಎಲ್ಲಿಂದ ಬರ್ಬೇಕು ಟೀಚರ್? ನಾನು ವಾರಕ್ಕೊಮ್ಮೆ ಹೋಗ್ತೇನೆ.”

“ಆ ಸವಣೂರಲ್ಲ. ಹಾವೇರಿಯ ಸವಣೂರು. ಮೂರು ಮರ ಉಂಟು, ಬಹಳ ಹಳೆಯದ್ದು. ದೊಡ್ಡ ಹುಣಸೆ ಅಂತಾರೆ. ನಿನಗೆ ನಾನೇ ಪಾಠ ಮಾಡಿದ್ದೆ, ನೀನು ಕಿಟಕಿಯ ಹೊರಗೆ ಬಸ್ಸು ನೋಡ್ತಾ ಇದ್ದೆ.”

ನಾನು ಬಿಡಲಿಲ್ಲ. “ಹಾವೇರಿ ಎಲ್ಲಿ, ನಾವು ಎಲ್ಲಿ! ‘ನಮ್ಮಲ್ಲಿ’ ಅಂದ್ರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ. ಅಷ್ಟೇ.”

“ಓಹೋ. ಹಾವೇರಿ ಕರ್ನಾಟಕದಲ್ಲಿ ಇಲ್ಲವಾ? ನೀನು ಮಡಗಾಸ್ಕರಿನ ಒಂದು ಮೂಲೆಯ ಮರ ತೋರಿಸಿ ‘ಮಡಗಾಸ್ಕರ್’ ಅನ್ಬಹುದು, ನಾನು ಮಾತ್ರ ತಾಲೂಕಿನ ಒಳಗೇ ಇರ್ಬೇಕಾ?”

ನಾನು ಮರದ ನೆರಳಿಗೆ ಹೋಗಿ ನಿಂತೆ. ಅಷ್ಟು ದೊಡ್ಡ ಮರಕ್ಕೆ ನೆರಳೂ ಸರಿಯಾಗಿ ಇರಲಿಲ್ಲ.

ದಿಗಿಣ

ಅಲ್ಲಿಂದ ಕಾಡು. ಲೆಮೂರ್ ಅನ್ನುವ ಪ್ರಾಣಿಯ ಊರು ಅದು. ಮಂಗನೂ ಅಲ್ಲ, ಬೆಕ್ಕೂ ಅಲ್ಲ, ಎರಡರ ಮುದ್ದೂ ಉಂಟು. ಮೊದಲು ಒಂದು ಸಣ್ಣ ಜಾತಿಯದ್ದು ಮರದ ಪೊಟರೆಯಿಂದ ಮುಖ ಮಾತ್ರ ಹೊರಹಾಕಿ, ದೊಡ್ಡ ದೊಡ್ಡ ಕಣ್ಣು ಬಿಟ್ಟು ನಮ್ಮನ್ನು ನೋಡಿತು. ನಾನು ಟೀಚರ ಕಡೆ ನೋಡುವ ಮೊದಲೇ ಅವರು, “ಕಾಡುಪಾಪ. ಇದರ ದಾಯಾದಿ. ನಮ್ಮಲ್ಲಿ ಉಂಟು” ಅಂತ ಮುಂದೆ ಹೋಗಿಯಾಗಿತ್ತು.

ಆಮೇಲೆ ಬಂದವು ನೋಡಿ ಬಿಳಿಯ ಸಿಫಾಕಗಳು. ಮರದಲ್ಲಿ ಇರುವಷ್ಟು ಹೊತ್ತು ಗಂಭೀರ. ನೆಲಕ್ಕೆ ಇಳಿದರೆ ನಡೆಯಲಿಕ್ಕೆ ಬರುವುದಿಲ್ಲ, ಎರಡು ಕಾಲಿನಲ್ಲಿ ನಿಂತು, ಕೈ ಎರಡೂ ಅಗಲಿಸಿ, ಅಡ್ಡಡ್ಡ ಹಾರುತ್ತಾ ಹೋಗುತ್ತವೆ.

ರಬ್ಬರಿನವರಿಗೆ ಮೈಮೇಲೆ ಬಂತು. ಅವರು ಹವ್ಯಾಸಿ ಯಕ್ಷಗಾನ ವೇಷಧಾರಿ, ಊರಿನ ಆಟದಲ್ಲಿ ಸಿಕ್ಕಿದ ವೇಷ ಬಿಟ್ಟವರಲ್ಲ. “ದಿಗಿಣ! ದಿಗಿಣ ಹಾರ್ತಾ ಉಂಟು ಮಾರಾಯ್ರೆ! ಆದರೆ ಕೈಯಲ್ಲಿ ಅಭಿನಯ ಸಾಲದು. ನಾನು ತೋರಿಸ್ತೇನೆ” ಅಂದವರೇ ಪ್ಯಾಂಟು ಮೇಲೆ ಮಡಚಿದರು. ಸಾಹೇಬರು ಟಿಫಿನ್ ಡಬ್ಬಿಯ ಮುಚ್ಚಳದ ಮೇಲೆ ಚೆಂಡೆ ಶುರು ಮಾಡಿದರು. ರಬ್ಬರಿನವರು ದಿಗಿಣ ಹಾರಿ, ಸುತ್ತಿ, ಮಂಡಿಯಲ್ಲಿ ಕೂತು, ಎದ್ದು, ಕಾಡಿನ ನಡುವೆ ಒಂದು ಇಡೀ ಪ್ರವೇಶವನ್ನು ಕುಣಿದು ಬಿಟ್ಟರು. ನಿಜ ಹೇಳಬೇಕು, ಚಂದ ಕುಣಿದರು. ಆ ವಯಸ್ಸಿನಲ್ಲಿ ಆ ಸುತ್ತು ಸುಲಭ ಅಲ್ಲ.

ಮುಗಿಸಿ ನೋಡಿದರೆ, ಸಿಫಾಕಗಳೆಲ್ಲ ಒಂದೇ ಕೊಂಬೆಯಲ್ಲಿ ಸಾಲಾಗಿ ಕೂತು, ಕೈಯನ್ನು ಮೊಣಕಾಲ ಮೇಲೆ ಇಟ್ಟು, ಕಣ್ಣು ಮಿಟುಕಿಸದೆ ನೋಡುತ್ತಿವೆ.

ರಬ್ಬರಿನವರ ಕಣ್ಣಲ್ಲಿ ನೀರು ಬಂತು. “ಎದ್ದು ಹೋಗದೆ, ಮೊಬೈಲ್ ನೋಡದೆ, ಕಡೆಯವರೆಗೆ ಕೂತು ನೋಡಿದ ಪ್ರೇಕ್ಷಕರು! ಇಂಥವರು ನಮ್ಮಲ್ಲಿ ಇಲ್ಲ!”

ನಾನು ಹಾರಿ ಬಿದ್ದೆ. “ಕೇಳಿದಿರಾ ಟೀಚರ್? ‘ನಮ್ಮಲ್ಲಿ ಇಲ್ಲ’ ಅಂದ್ರು!”

ಟೀಚರ್ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ರಬ್ಬರಿನವರಿಗೆ ಕೊಟ್ಟರು. ಕೊಡುತ್ತಾ ಶಾಂತವಾಗಿ, “ಯಾಕೆ ಇಲ್ಲ? ನಮ್ಮಲ್ಲಿಯೂ ಇವನ ಆಟಕ್ಕೆ ಬರುವುದು ಮಂಗಗಳೇ ಅಲ್ಲವಾ?” ಅಂದರು.

ಸಾವಿರ ಕಂಬ

ಕಡೆಯ ಬಾಣ ನನ್ನ ಹತ್ತಿರ ಇನ್ನೂ ಇತ್ತು. ಕಲ್ಲಿನ ಕಾಡು. ಸುಣ್ಣದ ಕಲ್ಲು ಮಳೆಗೆ ಸವೆದು ಸವೆದು, ಕಣ್ಣು ಹಾಯುವಷ್ಟು ದೂರಕ್ಕೂ ಚೂಪು ಚೂಪು ಕಂಬಗಳಾಗಿ ನಿಂತಿವೆ. ಸೊಂಟಕ್ಕೆ ಬೆಲ್ಟು ಕಟ್ಟಿ, ಉಕ್ಕಿನ ಸರಿಗೆ ಹಿಡಿದು ಹತ್ತಬೇಕು. ಟೀಚರ್ ಕೆಳಗೇ ಕೂರುತ್ತಾರೆ ಅಂತ ನಾನು ತಿಳಿದಿದ್ದೆ. ಅವರು ಸೀರೆಯ ಸೆರಗು ಸಿಕ್ಕಿಸಿ, ಅದರ ಮೇಲೆಯೇ ಬೆಲ್ಟು ಕಟ್ಟಿಸಿಕೊಂಡು, “ಗಡಾಯಿಕಲ್ಲು ಹತ್ತಿದವರಿಗೆ ಇದೆಂಥದು” ಅಂತ ನನಗಿಂತ ಮುಂದೆ ಹತ್ತಿದರು.

ಕಂಬಗಳ ನಡುವೆ ದಾರಿ ಅಂದರೆ ಬಿರುಕು. ಡ್ರೈವರ್ ಹೋದ, ಟೀಚರ್ ಹೋದರು, ರಬ್ಬರಿನವರು ಅಡ್ಡವಾಗಿ ಹೋದರು. ನಾನು ಟೂರಿನ ಯಜಮಾನ, ಎದೆ ಮುಂದೆ ಮಾಡಿ ಹೋದೆ. ಎದೆ ದಾಟಿತು. ಹೊಟ್ಟೆ ದಾಟಲಿಲ್ಲ.

ಹಿಂದಿನಿಂದ ಸಾಹೇಬರು ದೂಡಿದರು, ಮುಂದಿನಿಂದ ರಬ್ಬರಿನವರು ಎಳೆದರು. ಡ್ರೈವರ್ ನನ್ನ ಮುಖದ ಹತ್ತಿರ ಬಂದು ಅಕ್ಕರೆಯಿಂದ, “ತಡ್ಪೆ, ತಡ್ಪೆ, ಮಿಸ್ಟರ್ ಮಾರಾಯ” ಅಂದ. ಉಸಿರು ಬಿಡಲಿಕ್ಕೂ ಜಾಗ ಇಲ್ಲ. ಆದರೂ ನಾನು ವ್ಯಾಪಾರದವನು. ಆ ಸ್ಥಿತಿಯಲ್ಲೇ ಟೀಚರನ್ನು ಕೇಳಿದೆ, “ಟೀಚರ್... ಇದು... ನಮ್ಮಲ್ಲಿ ಉಂಟಾ?”

ಟೀಚರ್ ತುದಿಯಲ್ಲಿ ನೋಡುವವರಿಗೆ ಹಾಕಿದ ಹಲಗೆಯ ಮೇಲೆ ನಿಂತು, ಸೊಂಟಕ್ಕೆ ಕೈ ಇಟ್ಟು, ಆ ಕಲ್ಲಿನ ಸಮುದ್ರವನ್ನು ಬಹಳ ಹೊತ್ತು ನೋಡಿದರು. ನನಗೆ ಆಸೆ ಹುಟ್ಟಿತು.

“ಮೂಡುಬಿದಿರೆಯ ಸಾವಿರ ಕಂಬದ ಬಸದಿ” ಅಂದರು. “ಕಂಬಕ್ಕೆ ಕಂಬ ಉಂಟು, ಮೇಲೆ ಮಳೆಗೆ ಮಾಡೂ ಉಂಟು. ಮತ್ತೆ ಅಲ್ಲಿ ಯಾರೂ ನಡುವೆ ಸಿಕ್ಕಿ ಹಾಕಿಕೊಳ್ಳುವುದಿಲ್ಲ.”

ಬರ್ತೇವೆ

ವಾಪಸ್ ಬರುವ ದಾರಿಯಲ್ಲಿ ಕಿಟಕಿಯ ಹೊರಗೆ ಅಂಗೈಯಗಲದ ಗೋಸುಂಬೆಗಳು ಬಣ್ಣ ಬದಲಿಸುತ್ತಿದ್ದವು, ನನಗೆ ಅದನ್ನು ತೋರಿಸುವ ಉತ್ಸಾಹವೂ ಉಳಿದಿರಲಿಲ್ಲ. ಬ್ಯಾನರ್ ಇಳಿಸಲಿಕ್ಕೆ ಏಣಿ ಯಾರ ಹತ್ತಿರ ಕೇಳುವುದು ಅಂತ ಯೋಚಿಸುತ್ತಿದ್ದೆ.

ರಾಜಧಾನಿಯ ಏರ್‌ಪೋರ್ಟಿನಲ್ಲಿ ಬೀಳ್ಕೊಡುಗೆ. ಕೋಳಿಯನ್ನು ಸಾಹೇಬರು ಡ್ರೈವರನಿಗೆ ಉಡುಗೊರೆ ಕೊಟ್ಟರು. ನಾನು ಇಂಗ್ಲಿಷಿನಲ್ಲಿ “ನಾವು ಹೋಗ್ತೇವೆ” ಅನ್ನುವಷ್ಟರಲ್ಲಿ ಟೀಚರ್ ತಡೆದರು.

“ಹೋಗ್ತೇವೆ ಅಂತ ಹೇಳ್ಬಾರದು. ನಿನಗೆ ಅಷ್ಟೂ ಗೊತ್ತಿಲ್ಲವಾ? ಬರ್ತೇವೆ ಅಂತ ಹೇಳ್ಬೇಕು.”

ಸರಿ, ನಮ್ಮ ಕ್ರಮ ನಮಗೆ. ಎಲ್ಲರೂ ಒಬ್ಬೊಬ್ಬರಾಗಿ ಅವನ ಕೈ ಹಿಡಿದು “ವಿ ಕಮ್”, “ವಿ ಕಮ್” ಅಂದರು. ಅವನು ತಲೆ ಆಡಿಸಿ, ಯಾವಾಗ ಅಂತ ಕೇಳಿದ. ಸಾಹೇಬರು ಗಿರಾಕಿಗಳನ್ನು ಸಮಾಧಾನ ಮಾಡುವ ಅಂಗಡಿಯ ಅಭ್ಯಾಸದಲ್ಲಿ, “ಈಗ ಬಂದೆವು ಮಾರಾಯ! ನೌ ಕಮ್!” ಅಂತ ಬೆನ್ನು ತಟ್ಟಿದರು. ನಾವು ಒಳಗೆ ಹೋದೆವು.

ಒಳಗೆ ಹೋಗಿ ಕೂತದ್ದೇ ಕೂತದ್ದು. ವಿಮಾನ ತಡ ಅಂದರು. ಇನ್ನೂ ತಡ ಅಂದರು. ಕಡೆಗೆ ಸಂಜೆಯ ಹೊತ್ತಿಗೆ, ಇವತ್ತು ಇಲ್ಲವೇ ಇಲ್ಲ, ನಾಳೆ ಬನ್ನಿ ಅಂದರು. ಅಲ್ಲಿಯ ಸಿಮ್ಮನ್ನು ನಾನು ಬೆಳಿಗ್ಗೆಯೇ ತೆಗೆದು ಬಿಸಾಡಿದ್ದೆ. ಹೋಟೆಲು ಬಿಟ್ಟಾಗಿದೆ, ಬಸ್ಸು ಕಳಿಸಿಯಾಗಿದೆ, ಇಡೀ ಗುಂಪು ಪೆಟ್ಟಿಗೆ ಹಿಡಿದುಕೊಂಡು ನನ್ನ ಮುಖ ನೋಡುತ್ತಿದೆ. ಬ್ಯಾನರ್ ಮಾತ್ರ ಅಲ್ಲ, ಆಫೀಸಿನ ಬೋರ್ಡೂ ಇಳಿಸಬೇಕಾದೀತು ಅನ್ನಿಸಿತು. ಆದರೂ “ಎಲ್ಲ ವ್ಯವಸ್ಥೆ ಉಂಟು, ಬನ್ನಿ” ಅಂತ ದೊಡ್ಡ ಸ್ವರದಲ್ಲಿ ಹೇಳಿ ಮುಂದೆ ನಡೆದೆ. ವ್ಯವಸ್ಥೆ ಎಂಥದು ಅಂತ ನನಗೇ ಗೊತ್ತಿರಲಿಲ್ಲ.

ಹೊರಗೆ ಪಾರ್ಕಿಂಗು ಖಾಲಿ. ಒಂದೇ ಒಂದು ಬಸ್ಸು. ಅದರ ಬಂಪರಿನ ಮೇಲೆ ನಮ್ಮ ಡ್ರೈವರ್ ಕೂತಿದ್ದಾನೆ. ಪಕ್ಕದಲ್ಲಿ ಮೊರ, ಮೊರದೊಳಗೆ ಕೋಳಿ. ಕಾದು ಕಾದು ಕೋಳಿ ಅಲ್ಲೇ ಒಂದು ಮೊಟ್ಟೆಯನ್ನೂ ಇಟ್ಟಿತ್ತು.

“ನೀನು ಇನ್ನೂ ಇಲ್ಲೇ ಇದ್ದೀಯಾ?” ಅಂತ ಕೇಳಿದೆ.

ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರ ಕಂಡಿತು. “ನೀವೆಲ್ಲ ಬರ್ತೇವೆ ಅಂದಿರಲ್ಲ? ಅದೂ ಈಗಲೇ ಅಂತ. ಬಿಟ್ಟು ಹೋಗುವುದು ಹೇಗೆ?” ಅಂದ. ಎದ್ದು ಬಾಗಿಲು ತೆರೆದ.

ನನಗೆ ಅವನ ಕಾಲಿಗೆ ಬೀಳುವ ಅನ್ನಿಸಿತು. ಸಾಹೇಬರು ಅವನನ್ನು ತಬ್ಬಿಕೊಂಡರು. ಟೀಚರ್ ಮಾತ್ರ ಏನೂ ಹೇಳದೆ ಬಸ್ಸನ್ನು ನೋಡಿದರು, ಅವನನ್ನು ನೋಡಿದರು, ಮೊಟ್ಟೆಯನ್ನು ನೋಡಿದರು. ಹತ್ತಿ ಕೂತರು. ಆ ಮೌನಕ್ಕೆ ನಾನು ಹೆದರಿದಷ್ಟು ವಿಮಾನ ರದ್ದಾದದ್ದಕ್ಕೂ ಹೆದರಿರಲಿಲ್ಲ.

ರೈಟ್ ಪೋಯಿ

ಊರು ತಲುಪಿದೆವು. ಗುರುವಾಯನಕೆರೆಯ ಸರ್ಕಲ್ಲು, ಮೇಲೆ ನನ್ನ ಬ್ಯಾನರ್ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದರ ಕೆಳಗೆ ನಾನು ಮತ್ತು ಟೀಚರ್. ಅವರಿಗೆ ಶಿರ್ತಾಡಿಗೆ ಹೋಗಬೇಕು, ಮೂಡುಬಿದಿರೆಯ ಬಸ್ಸು ಬಂದು ನಿಂತಿತ್ತು. ನಿಂತಿತ್ತು ಅನ್ನುವುದು ಮಾತಿಗೆ. ನಮ್ಮ ಕಡೆಯ ಲೈನ್ ಬಸ್ಸು ನಿಲ್ಲುವುದು ಅಂದರೆ ಚಕ್ರ ತಿರುಗುವುದು ಸ್ವಲ್ಪ ಕಡಿಮೆಯಾಗುವುದು ಅಂತ ಅರ್ಥ.

ಟೀಚರ ಪೆಟ್ಟಿಗೆ ಹತ್ತಿಸಿದೆ. ಅವರು ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟು, ನನ್ನ ಕಡೆ ತಿರುಗಿ, ಬ್ಯಾನರಿನ ಕಡೆ ಬೆರಳು ತೋರಿಸಿ ಬಾಯಿ ತೆರೆದರು.

“ನೋಡು, ನಿನ್ನ ಆ ದ್ವೀಪದಲ್ಲಿ ನಾನು...”

“ರೈಟ್ ಪೋಯಿ!” ಹೊರಡುವ ಅಂತ ಕಂಡಕ್ಟರ್ ಸೀಟಿ ಊದಿಯೇ ಬಿಟ್ಟ. ಬಸ್ಸು ಚಿಮ್ಮಿತು. ಟೀಚರ್ ಕಂಬಿ ಹಿಡಿದು ಒಳಗೆ ಸೇರಿದರು. ನಾನು ಹಿಂದೆ ಓಡಿದೆ. ಕಿಟಕಿಯಿಂದ ತಲೆ ಹೊರಹಾಕಿ ಅವರು ಏನೋ ಕೂಗಿದರು. ಹಾರ್ನಿನ ಗಲಾಟೆಯಲ್ಲಿ ನನಗೆ ಕೇಳಿದ್ದು ಕಡೆಯ ಎರಡೇ ಅಕ್ಷರ.

“...ಇಲ್ಲ!”

ಏನು ಇಲ್ಲ? ಅಡ್ಡಿಲ್ಲವಾ? ಚಂದ ಇಲ್ಲವಾ? ಪ್ರಯೋಜನ ಇಲ್ಲವಾ? ಕೇಳುವ ಅಂದರೆ ಟೀಚರ್ ಮೊಬೈಲ್ ಇಟ್ಟುಕೊಳ್ಳುವವರಲ್ಲ. ಆಫೀಸಿಗೆ ಹೋಗಿ ಕೂತೆ. ಮರುದಿನ ಬೆಳಿಗ್ಗೆ ಪಕ್ಕದ ಹಾರ್ಡ್‌ವೇರ್ ಅಂಗಡಿಯಿಂದ ಏಣಿ ತಂದು ಕಂಬಕ್ಕೆ ಒರಗಿಸಿ, ಎರಡು ಮೆಟ್ಟಿಲು ಹತ್ತಿದ್ದೆ. ಫೋನ್ ಬಂತು.

“ಮಡಗಾಸ್ಕರ್ ಟೂರಿನವರಾ? ಮುಂದಿನ ಸಲಕ್ಕೆ ನಮಗೆ ಎರಡು ಸೀಟು ಬೇಕಿತ್ತು.” ಸ್ವರ ಎಲ್ಲೋ ಕೇಳಿದ ಹಾಗಿತ್ತು.

ಏಣಿಯ ಮೇಲೆಯೇ ನನಗೆ ಜೀವ ಬಂತು. “ಧಾರಾಳ ಬನ್ನಿ! ಲೆಮೂರ್ ಉಂಟು, ಬಾವೊಬಾಬ್ ಉಂಟು, ಕಲ್ಲಿನ ಕಾಡು...”

“ಅದೆಲ್ಲ ಬೇಡ ಮಾರಾಯ್ರೆ, ಅದು ನಮ್ಮಲ್ಲಿಯೇ ಉಂಟಂತೆ. ಅಲ್ಲಿ ಬಸ್ಸು ಜನರಿಗೆ ಕಾಯ್ತದಂತೆ, ಹೌದಾ?”

“ಯಾರು ಹೇಳಿದ್ದು?”

“ಟೀಚರ್. ನಿನ್ನೆ ಗುರುವಾಯನಕೆರೆಯಿಂದ ಶಿರ್ತಾಡಿಯವರೆಗೆ ನನಗೆ ಬೈದುಕೊಂಡೇ ಬಂದ್ರು. ಬಸ್ಸಿನಲ್ಲಿದ್ದ ಎಲ್ಲರಿಗೂ ಹೇಳಿದ್ರು, ‘ಬರ್ತೇನೆ ಅಂದವರಿಗೆ ಕಾದು ನಿಲ್ಲುವ ಬಸ್ಸು! ಇಡೀ ದ್ವೀಪದಲ್ಲಿ ಅದೊಂದು ಮಾತ್ರ ನಮ್ಮಲ್ಲಿ ಇಲ್ಲ!’ ಅಂತ. ನಾನು ಆ ಬಸ್ಸಿನ ಕಂಡಕ್ಟರ್. ಒಂದು ಸೀಟು ನನಗೆ, ಒಂದು ನಮ್ಮ ಡ್ರೈವರನಿಗೆ. ಕಾಯುವ ಬಸ್ಸು ಅಂದ್ರೆ ಹೇಗಿರ್ತದೆ ಅಂತ ಒಮ್ಮೆ ಕಣ್ಣಾರೆ ನೋಡ್ಬೇಕು. ಯಾವಾಗ ಹೊರಡುವುದು?”

“ಹೇಳ್ತೇನೆ, ಹೇಳ್ತೇನೆ” ಅಂದೆ. ಸಂತೋಷಕ್ಕೆ ನಾಲಿಗೆ ತೊದಲುತ್ತಿತ್ತು. “ಏಣಿಯಿಂದ ಇಳೀತೇನೆ, ಒಂದು ನಿಮಿಷ ಕಾಯಿರಿ.”

“ಕಾಯ್ಲಿಕ್ಕೆ ಎಲ್ಲಿ ಟೈಮುಂಟು ಮಾರಾಯ್ರೆ? ರೈಟ್ ಪೋಯಿ!” ಅಂತ ಫೋನ್ ಇಟ್ಟೇ ಬಿಟ್ಟ.